ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ದಿನವಿಡೀ ನಡೆಯೋಕೆ ಗೈಡ್, ಪರವಾನಗಿ ಬೇಕಾ? ಹೊಲದವರು ಬೈಯಲ್ವಾ?

ಗೈಡೂ ಬೇಡ, ಪರವಾನಗಿಯೂ ಬೇಡ. ಗೆಳೆಯನೊಬ್ಬ ಜೊತೆಗಿದ್ದರೆ ಸಾಕು, ಧೈರ್ಯವಾಗಿ ಹೊರಡಿ.

ಹೊಲದವರ ವಿಷಯ: ಅಲ್ಲಿ ಖಾಸಗಿ ಜಮೀನಿನ ನಡುವೆ ಹಾಯುವ ಸಾವಿರಾರು ಕಾಲುದಾರಿಗಳಲ್ಲಿ ಎಲ್ಲರಿಗೂ ನಡೆಯುವ ಹಕ್ಕಿದೆ. ಅವನ್ನು ನಕ್ಷೆಯಲ್ಲಿ ದಾಖಲಿಸುವ ಕೆಲಸ 1949ರ ಕಾಯ್ದೆಯಿಂದ ಶುರುವಾಯಿತು. ಹೊಲ ಉತ್ತರೂ ದಾರಿಯನ್ನು ಮತ್ತೆ ನಡೆಯುವಂತೆ ಮಾಡಿಕೊಡುವುದು ರೈತರದೇ ಹೊಣೆ. ಹಳದಿ ಬಾಣವಿದ್ದರೆ ನಡೆಯುವವರ ದಾರಿ, ನೀಲಿ ಇದ್ದರೆ ಕುದುರೆ, ಸೈಕಲ್ಲೂ ಹೋಗಬಹುದು.

ನಾವಿಬ್ಬರು ಹೋಗಿದ್ದು ಜೂನ್‌ನಲ್ಲಿ, ದಕ್ಷಿಣ ಇಂಗ್ಲೆಂಡಿನ ಗುಡ್ಡಸಾಲಿನ ಮೇಲೆ ಸಾಗುವ ಸೌತ್ ಡೌನ್ಸ್ ವೇ ದಾರಿಯಲ್ಲಿ. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಪೂರ್ತಿ 160 ಕಿ.ಮೀ. ಇದೆ. ನಾವು ಸೌತೀಸ್ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ರೈಲಿಳಿದು ಕೊನೆಯ ಭಾಗ ಮಾತ್ರ ನಡೆದೆವು, ಹತ್ತಿರಹತ್ತಿರ 30 ಕಿ.ಮೀ. ನನ್ನ ಗೆಳೆಯ ಕಳಸದ ಕಡೆಯವನು, ಅರಣ್ಯ ಇಲಾಖೆಯ ಅನುಮತಿ ಪಡೆದು ಕುದುರೆಮುಖ ಹತ್ತಿದವನು. ಕುರಿಗಳಿದ್ದ ಮೊದಲ ಗೇಟಿನ ಹತ್ತಿರವೇ ನಿಂತ. "ಯಾರ ಜಮೀನೋ ಏನೋ, ಸುಮ್ನೆ ಬೈಸ್ಕೊಳ್ಳೋದು ಬೇಡ ಮಾರಾಯ" ಅಂದ. ಅಷ್ಟರಲ್ಲಿ ಆ ಜಮೀನಿನವರೇ ಬಂದರು. ಕೈಬೀಸಿ, ಗೇಟು ಹಾಕಿಕೊಂಡು ಹೋಗಿ ಎಂದಷ್ಟೇ ಹೇಳಿ ಮುಂದೆ ಹೋದರು. ಆಮೇಲೆ ಸಿಕ್ಕ ಪ್ರತಿ ಗೇಟನ್ನೂ ಅವನೇ ತೆಗೆದು, ಚಿಲಕ ಬಿದ್ದಿದೆಯಾ ಎಂದು ಎರಡೆರಡು ಸಲ ನೋಡಿ ಹಾಕುತ್ತಿದ್ದ.

217 ಮೀಟರ್ ಎತ್ತರದ ಫರ್ಲ್ ಬೀಕನ್ ಮೇಲೆ ಗಾಳಿಯೋ ಗಾಳಿ. ಎಡಕ್ಕೆ ಬಯಲು, ಬಲಕ್ಕೆ ಸಮುದ್ರ, ತಲೆಯ ಮೇಲೆ ಬಾನಾಡಿಗಳ ಬಿಡುವಿಲ್ಲದ ಹಾಡು. ನೆಲವೆಲ್ಲ ಸೀಮೆಸುಣ್ಣದ ಬಂಡೆ. ಬಿದ್ದ ಮಳೆಯನ್ನು ಅದು ಹೀರಿಬಿಡುವುದರಿಂದ ಗುಡ್ಡದ ಮೇಲೆ ತೊರೆಗಳೇ ಇಲ್ಲ. ಹಾಗಾಗಿ ನೀರು ಹೊತ್ತೇ ಹೋಗಬೇಕು, ತಲಾ ಎರಡು ಲೀಟರಾದರೂ ಇರಲಿ. ಮಳೆ ಬಿದ್ದ ಮೇಲೆ ಈ ಬಿಳಿ ದಾರಿ ವಿಪರೀತ ಜಾರುತ್ತದೆ, ಒಳ್ಳೆಯ ಹಿಡಿತದ ಶೂ ಹಾಕಿ.

ಊಟಕ್ಕೆ ದಾರಿಯಲ್ಲೇ ಸಿಗುವ ಆಲ್‌ಫ್ರಿಸ್ಟನ್ ಹಳ್ಳಿಯಲ್ಲಿ ನಿಲ್ಲಿ. ಅಲ್ಲಿನ ಹುಲ್ಲುಮಾಡಿನ ಕ್ಲರ್ಜಿ ಹೌಸ್ (ಪಾದ್ರಿಯ ಹಳೇ ಮನೆ) ನೋಡದೆ ಬರಬೇಡಿ. ಹಳೆಯ ಕಟ್ಟಡ, ನಿಸರ್ಗ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕೊಂಡ ಮೊಟ್ಟಮೊದಲ ಕಟ್ಟಡ ಅದು, 1896ರಲ್ಲಿ ಬರೀ 10 ಪೌಂಡಿಗೆ.

ಕಷ್ಟವಿರುವುದು ಕೊನೆಯಲ್ಲಿ. ಸೆವೆನ್ ಸಿಸ್ಟರ್ಸ್ ಬಿಳಿ ಬಂಡೆಗಳ ನೆತ್ತಿಯ ಮೇಲೆ ಹತ್ತಿ ಇಳಿ, ಹತ್ತಿ ಇಳಿ. ಮಂಡಿ ಸೋಲುವುದೇ ಇಲ್ಲಿ. ಬೆಳಿಗ್ಗೆಯೆಲ್ಲ ಊರು, ಮನೆ, ಕೆಲಸ ಎಂದು ಮಾತಾಡಿದ್ದ ನಾವು ಇಲ್ಲಿ ಮಾತೇ ಆಡಲಿಲ್ಲ. ಮುಂದೆ ಹೋದವನು ನಿಂತು ಕಾಯುವುದು, ಬಾಟಲಿ ಚಾಚುವುದು, ಅಷ್ಟೇ. ಅಂಥ ಜೊತೆ ಸಿಕ್ಕರೆ ಖಂಡಿತ ಹೋಗಿ. ಬಂಡೆಯ ಅಂಚು ಮಾತ್ರ ಕುಸಿಯುತ್ತಲೇ ಇರುತ್ತದೆ, ಫೋಟೋಗೆಂದು ಹತ್ತಿರ ಹೋಗಲೇಬೇಡಿ.

ಅಷ್ಟು ದೂರ ಆಗದು ಅನಿಸಿದರೆ, ಸೆವೆನ್ ಸಿಸ್ಟರ್ಸ್ ಏರು ಶುರುವಾಗುವ ಮೊದಲೇ ಎಕ್ಸೀಟ್‌ನಲ್ಲಿ ಈಸ್ಟ್‌ಬೋರ್ನ್ ಬಸ್ಸು ಸಿಗುತ್ತದೆ.