ಗೇಟ್ ಲಾಡ್ಜ್ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಬ್ರಿಟನ್ ಮತ್ತು ಐರ್ಲೆಂಡಿನ ಹಳೆಯ ಎಸ್ಟೇಟುಗಳ ಹೆಬ್ಬಾಗಿಲಲ್ಲಿ ಗೇಟು ಕಾಯುವವರಿಗೆಂದು ಕಟ್ಟಿಸಿದ ಪುಟ್ಟ ಮನೆಗಳ, ಅಂದರೆ ಗೇಟ್ ಲಾಡ್ಜ್‌ಗಳ, ವಾಸ್ತುಶಿಲ್ಪವನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಬರುವುದಿಲ್ಲ. ಆದರೆ ನಿಮಗೆ ಕಟ್ಟಡವನ್ನು ನೋಡುವ ಕಣ್ಣಿದೆ. ಆದ್ದರಿಂದ ಎರಡು ಸಾಲಿನ ವಿಷಾದಪತ್ರಕ್ಕೆ ಬದಲಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸಂಗತಿಗಳು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರಿನ ರಷ್ಟನ್‌ನಲ್ಲಿರುವ ತ್ರಿಕೋನ ಲಾಡ್ಜನ್ನು ನೀವು ಈ ಸಾಲಿಗೆ ಸೇರಿಸಿದ್ದೀರಿ. ಸರ್ ಥಾಮಸ್ ಟ್ರೆಷಮ್ 1593 ಮತ್ತು 1597ರ ನಡುವೆ ಕಟ್ಟಿಸಿದ ಆ ಮನೆ ಎಸ್ಟೇಟಿನ ಮೊಲಗಳನ್ನು ನೋಡಿಕೊಳ್ಳುವವನದ್ದು, ಗೇಟಿಗೂ ಅದಕ್ಕೂ ಸಂಬಂಧವಿಲ್ಲ. ತಲಾ ಸುಮಾರು 33 ಅಡಿಯ ಮೂರು ಗೋಡೆ, ಮೂರು ಅಂತಸ್ತು: ಕ್ಯಾಥೊಲಿಕ್ ನಂಬಿಕೆಗಾಗಿ ಸೆರೆವಾಸ ಅನುಭವಿಸಿದ ಟ್ರೆಷಮ್ ತ್ರಿಯೇಕ ದೇವರನ್ನು ಕಲ್ಲಿನಲ್ಲಿ ಸಾರಿದ ಬಗೆ ಅದು. ಸೊಗಸಾದ ಕಥೆ, ಆದರೆ ಈ ಲೇಖನದ್ದಲ್ಲ. ತೆಗೆದುಬಿಡಿ.

ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಡ್ರೊಮಾನಾ ಲಾಡ್ಜಿನ ಈರುಳ್ಳಿಯಾಕಾರದ ತಾಮ್ರದ ಗುಮ್ಮಟ ಮೈಸೂರು ಅರಮನೆಯ ನಕಲು ಎಂದಿದ್ದೀರಿ. ಊರಿನ ಅಭಿಮಾನ ಅರ್ಥವಾಗುತ್ತದೆ, ಆದರೆ ನಮ್ಮ ಈಗಿನ ಅರಮನೆ 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ನರ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಮುಗಿದದ್ದು. ಅಷ್ಟು ಹೊತ್ತಿಗೆ ಡ್ರೊಮಾನಾದ ಗುಮ್ಮಟ ಹಳತಾಗಿತ್ತು. ಅದರ ಮೂಲ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಭಾರತೀಯ ಶೈಲಿಯಲ್ಲಿ ಎದ್ದ ರಾಜರ ಅರಮನೆ, ರಾಯಲ್ ಪೆವಿಲಿಯನ್. ಅದನ್ನು ರೂಪಿಸಿದ ಜಾನ್ ನ್ಯಾಶ್ ಭಾರತವನ್ನು ಕಂಡವನಲ್ಲ. ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಭಾರತದಲ್ಲಿ ತಿರುಗಾಡಿ ಮುದ್ರಿಸಿದ ಚಿತ್ರಗಳಿಂದಲೇ ಆ ಶೈಲಿಯ ಗೀಳು ಇಂಗ್ಲೆಂಡಿನಲ್ಲಿ ಹಬ್ಬಿತ್ತು. ಭಾರತದ ನಂಟು ಬೇಕಿದ್ದರೆ ಅಲ್ಲಿದೆ.

ಇನ್ನು ಮುಖ್ಯವಾದ ಆಕ್ಷೇಪ. ನಿಮ್ಮ ಲೇಖನ ಕುದುರೆಗಾಡಿಯಲ್ಲಿ ಬಂದ ಅತಿಥಿಯಂತೆ ಪ್ರತಿ ಗೇಟನ್ನೂ ಹೊರಗಿನಿಂದ ಮೆಚ್ಚಿ ಮುಂದೆ ಹೋಗುತ್ತದೆ. ಒಳಗೆ ಒಂದು ಸಂಸಾರವಿತ್ತೆಂಬ ಸುಳಿವೇ ಇಲ್ಲ. ಗೇಟಿನ ಎರಡೂ ಬದಿಗೆ ಒಂದೇ ಅಚ್ಚಿನ ಎರಡು ಚೌಕ ಮನೆಗಳನ್ನು ನಿಲ್ಲಿಸುವ ಪದ್ಧತಿಯನ್ನು ನೀವು ಸಮತೋಲನದ ಸೊಬಗೆಂದು ಹೊಗಳಿದ್ದೀರಿ. ಅದನ್ನೇ ಉದ್ಯಾನ ವಿನ್ಯಾಸಕಾರ ಹಂಫ್ರಿ ರೆಪ್ಟನ್ 1803ರಲ್ಲಿ ಕಟುವಾಗಿ ಟೀಕಿಸಿದ್ದ. ಒಬ್ಬ ಕೂಲಿಯವನೋ ಒಂಟಿ ಮುದುಕಿಯೋ ಇರಬೇಕಾದ ಮನೆಯನ್ನು ಬಾಲಿಶ ಸಮರೂಪತೆಗಾಗಿ ಎರಡು ಹೋಳು ಮಾಡುತ್ತಾರೆ, ಕೆಲವೇ ಅಡಿಯ ಕೊಳಕು ಕೋಣೆಯಲ್ಲಿ ಜನ ದುರವಸ್ಥೆಯಲ್ಲಿ ಬಾಳುತ್ತಾರೆ ಎಂಬುದು ಅವನ ದೂರು. ಶ್ರೀಮಂತರ ಎಸ್ಟೇಟುಗಳಿಂದಲೇ ಅನ್ನ ಕಂಡವನ ಮಾತಿದು, ಆದ್ದರಿಂದ ಇದಕ್ಕೆ ಹೆಚ್ಚು ತೂಕವಿದೆ. ಹಾಗಾದರೆ ಒಲೆ ಯಾವ ಹೋಳಿನಲ್ಲಿತ್ತು, ಮಕ್ಕಳು ಯಾವುದರಲ್ಲಿ ಮಲಗುತ್ತಿದ್ದರು, ಮಳೆಯ ರಾತ್ರಿಯಲ್ಲಿ ಅನ್ನದ ಪಾತ್ರೆ ಹಿಡಿದು ಗಾಡಿದಾರಿ ದಾಟಬೇಕಿತ್ತೆ? ಹೊಗೆಕೊಳವೆ ಎಲ್ಲಿದೆ, ರಸ್ತೆಯ ಕಡೆಗೆ ಕಿಟಕಿ ಎಲ್ಲಿ ಚಾಚಿದೆ ಎಂಬುದನ್ನು ಗಮನಿಸಿದರೆ ಕಟ್ಟಡವೇ ಅರ್ಧ ಉತ್ತರ ಕೊಡುತ್ತದೆ.

ಅದೇ ವಾಟರ್‌ಫರ್ಡ್ ಕೌಂಟಿಯ ಬ್ಯಾಲಿಸ್ಯಾಗರ್ಟ್‌ಮೋರ್ ಎಸ್ಟೇಟಿನ ಗೇಟ್ ಲಾಡ್ಜನ್ನು ಒಂದೇ ವಾಕ್ಯದಲ್ಲಿ, ಅದೂ ಕಾವ್ಯಮಯ ಅವಶೇಷವೆಂದು ಮುಗಿಸಿರುವುದು ನನಗೆ ಬೇಸರ ತಂದಿತು. ಆ ಎಸ್ಟೇಟಿನ ಯಜಮಾನ ಆರ್ಥರ್ ಕೈಲಿ-ಅಷರ್ ಗೋಪುರಗಳ ಗೇಟಿಗೂ ಸೇತುವೆಗೂ ಹಣ ಸುರಿದು, ಕಟ್ಟಬೇಕೆಂದಿದ್ದ ಕೋಟೆಮನೆಗೆ ಕೈಯಲ್ಲಿ ಕಾಸಿಲ್ಲದಂತಾದ ಎಂಬುದು ಅಲ್ಲಿಯ ಪ್ರತೀತಿ. 1840ರ ದಶಕದ ಐರ್ಲೆಂಡಿನ ಮಹಾಕ್ಷಾಮದಲ್ಲಿ ಇದೇ ಯಜಮಾನ ಒಕ್ಕಲುಗಳನ್ನು ಮನೆ ಬಿಡಿಸಿ ಓಡಿಸಿದ. ಇದನ್ನು ಬಿಟ್ಟು ಆ ಗೋಪುರಗಳ ಬಗ್ಗೆ ಬರೆಯಲು ಹೇಗೆ ಸಾಧ್ಯ?

ಭಾಷೆಯ ಬಗ್ಗೆ ಒಂದೇ ಮಾತು: ಮೊದಲ ಪುಟದಲ್ಲೇ ನಾಲ್ಕು ‘ಭವ್ಯ’ಗಳಿವೆ, ನಾಲ್ಕೂ ಬೇಡ.

ಉಳಿದ ಲಾಡ್ಜ್‌ಗಳನ್ನೆಲ್ಲ ಬಿಟ್ಟು, ಒಂದೇ ಕೌಂಟಿಯ ಈ ಎರಡನ್ನು ಇಟ್ಟುಕೊಂಡು ಹೊಸದಾಗಿ ಬರೆಯಿರಿ. 1826ರಲ್ಲಿ ನವದಂಪತಿಯ ಸ್ವಾಗತಕ್ಕೆಂದು ತಾತ್ಕಾಲಿಕವಾಗಿ ನಿಲ್ಲಿಸಿದ್ದ ಡ್ರೊಮಾನಾ ಗೇಟು ಆಮೇಲೆ ಕಾಯಂ ಕಟ್ಟಡವಾದದ್ದು, 1960ರ ದಶಕದಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಐರಿಷ್ ಜಾರ್ಜಿಯನ್ ಸೊಸೈಟಿ ಅದನ್ನು ದುರಸ್ತಿ ಮಾಡಿಸಿದ್ದು, ಎರಡೂ ಬರಲಿ. ಜೊತೆಗೆ ಅದರ ನೆಲನಕ್ಷೆಯೊಂದನ್ನು ಕಳುಹಿಸಿ. ಕೈಯಲ್ಲಿ ಬಿಡಿಸಿದ್ದಾದರೂ ಸಾಕು.

ಇಂತಿ,
ಸಂಪಾದಕ