ನಮ್ಮ 7 ಇಂಚು ಹೋದದ್ದು ಹೀಗೆ

ಪಕ್ಕದ ಮನೆಯವರು ನಿಮ್ಮ ಕಾಂಪೌಂಡಿಗೆ ಅಂಟಿಸಿ ಎರಡು ರೂಮು ಎತ್ತಲು ಹೊರಟಿದ್ದಾರೆ. ನಿಮ್ಮ ಮನೆಗೆ 8 ವರ್ಷ. ಕಿಟಕಿ ಬೆಳಕು ಹೋಗುತ್ತೆ, ಲಾಯರ್ ನೋಟಿಸ್ ಕೊಡಲಾ, ಸಂಬಂಧ ಕೆಡದಂತೆ ಸುಮ್ಮನಿರಲಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. 2014ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮದು ಬೆಂಗಳೂರಿನ ನಾಗರಭಾವಿ ಎರಡನೇ ಹಂತದಲ್ಲಿ 30–40ರ ಸೈಟು. ಪಕ್ಕದಲ್ಲಿ ರಿಟೈರ್ಡ್ ಮೇಷ್ಟ್ರು. ಹಬ್ಬ ಬಂದರೆ ಹೋಳಿಗೆ ಡಬ್ಬಿ ಆಚೆ ಈಚೆ ಓಡಾಡುತ್ತಿತ್ತು. ಯುಗಾದಿ ಕಳೆದ ಮೇಲೆ ಒಂದು ಸಂಜೆ ಬಂದರು. ಮಗನ ಮದುವೆ ಗೊತ್ತಾಗಿದೆ, ಹಿಂದೆ ಅಡುಗೆಮನೆ ದೊಡ್ಡದು ಮಾಡಿ ಮೇಲೆ ಎರಡು ರೂಮು ಹಾಕಿಸ್ತೀನಿ ಅಂದರು.

"ಕಾಂಪೌಂಡು ಹೆಂಗಿದ್ರೂ ಬಿರುಕು ಬಿಟ್ಟಿದೆಯಲ್ಲಪ್ಪಾ. ಪಾಯಕ್ಕೂ ಅಡ್ಡ ಬರುತ್ತೆ. ಒಡೆದು ಹೊಸದು ನಾನೇ ಕಟ್ಟಿಸಿಕೊಡ್ತೀನಿ, ನೀನು ಒಂದು ರೂಪಾಯಿ ಕೊಡಬೇಡ."

"ಅಯ್ಯೋ, ಅದಕ್ಕೆ ನನ್ನನ್ನು ಯಾಕೆ ಕೇಳ್ತೀರಾ ಸಾರ್, ಮಾಡಿ" ಅಂದೆ. ಪುಕ್ಕಟೆ ಕಾಂಪೌಂಡು ಅಂತ ಒಳಗೊಳಗೇ ಖುಷಿ ಬೇರೆ.

ಕೆಟ್ಟದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾಗಬೇಡಿ. ಕ್ರಯಪತ್ರದಲ್ಲಿ 30 ಅಡಿ ಅಂತ ಇರುತ್ತೆ. ಪೂರ್ವಕ್ಕೆ ಇಂಥ ನಂಬರಿನ ಸೈಟು, ಪಶ್ಚಿಮಕ್ಕೆ ಇಂಥದ್ದು ಅಂತ ಚಕ್ಕುಬಂದಿ ಇರುತ್ತೆ. ಆದರೆ ನೆಲದ ಮೇಲೆ ಆ 30 ಅಡಿ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅಂತ ಕಾಗದ ಹೇಳಲ್ಲ. ನಮ್ಮಲ್ಲಿ ಅದನ್ನು ಹೇಳುತ್ತಿದ್ದದ್ದು ಎರಡೇ: ಆ ಹಳೇ ಕಾಂಪೌಂಡು, ಅದರ ಬುಡದಲ್ಲಿ ಅರ್ಧ ಹೂತಿದ್ದ ಒಂದು ಬಾಂದುಕಲ್ಲು, ಅಂದರೆ ಗಡಿ ಗುರುತಿನ ಕಲ್ಲು. ಎರಡನ್ನೂ ಒಡೆಯೋಕೆ ನಾನೇ ಬಾಯಾರೆ ಒಪ್ಪಿಗೆ ಕೊಟ್ಟೆ. ಅಳತೆ ಮಾಡಲಿಲ್ಲ. ಫೋಟೋ ತೆಗೆಯಲಿಲ್ಲ. ನಮ್ಮ ಗೋಡೆಯಿಂದ ಕಾಂಪೌಂಡಿಗೆ ಎಷ್ಟು ಅಡಿ ಅಂತ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದರೆ ಹತ್ತು ನಿಮಿಷದ ಕೆಲಸ. ಕೇಳಿದರೆ ಮೇಷ್ಟ್ರು ಏನಂದುಕೊಳ್ತಾರೋ ಅನ್ನೋ ಸಂಕೋಚ.

ಹಾಸನದಲ್ಲಿ ಒಂದು ಮದುವೆ ಅಂತ ನಾಲ್ಕು ದಿನ ಊರಲ್ಲಿರಲಿಲ್ಲ. ವಾಪಸ್ ಬಂದಾಗ ಕಾಂಪೌಂಡೂ ಇಲ್ಲ, ಕಲ್ಲೂ ಇಲ್ಲ. ಪಾಯದ ಗುಂಡಿ ತೋಡಿ, ಕಂಬಿ ನಿಲ್ಲಿಸಿ, ಕಾಂಕ್ರೀಟೂ ಹಾಕಿ ಆಗಿತ್ತು. ಸುಮ್ಮನೆ ಒಳಗೆ ಹೋದೆ. ಇದೂ ತಪ್ಪೇ ಅನ್ನಿ.

ಗೊತ್ತಾಗಿದ್ದು ಆಕ್ಟಿವಾದಿಂದ. ಹೊಸ ಕಾಂಪೌಂಡು ಬಂದ ಮೇಲೆ ಹಿತ್ತಲಿಗೆ ಗಾಡಿ ತಳ್ಳಿಕೊಂಡು ಹೋದರೆ ಹ್ಯಾಂಡಲ್ ಗೋಡೆಗೆ ಕೆರೆಯಿತು. ಮೊದಲು ಅಲ್ಲಿ ಮೂರಡಿ ಓಣಿ ಇತ್ತು. ಈಗ ಅಳೆದರೆ 2 ಅಡಿ 5 ಇಂಚು. ಪರಿಚಯದ ಒಬ್ಬ ಇಂಜಿನಿಯರ್ ಕರೆಸಿ ಎರಡೂ ಸೈಟು ಅಳೆಸಿದೆ. ನಮ್ಮದು 29 ಅಡಿ 5 ಇಂಚು. ಮೇಷ್ಟ್ರದು 30 ಅಡಿ 3 ಇಂಚು.

ತಮಾಷೆ ಏನು ಗೊತ್ತಾ? ಮೇಷ್ಟ್ರು ಕಳ್ಳರಲ್ಲ. ಅವರ ಆಚೆ ಪಕ್ಕದವರು ಎಂದೋ ಅವರ ಕಡೆ 4 ಇಂಚು ಬಂದಿದ್ದರು. ಮೇಸ್ತ್ರಿ ಆ ಗೋಡೆಯಿಂದ ಟೇಪ್ ಹಿಡಿದು, ಕಾಗದದ ಪ್ರಕಾರ 30 ಅಡಿ ಲೆಕ್ಕ ಹಾಕಿ ಹಗ್ಗ ಎಳೆದ. ಗೋಡೆ ದಪ್ಪ, ಗಾರೆ ಎಲ್ಲ ಸೇರಿ ಮತ್ತೆ 3 ಇಂಚು. ಹೋದದ್ದು ನಮ್ಮದು. "ನನ್ನ ಕಾಗದದಲ್ಲಿ ಇರೋದನ್ನು ತಗೊಂಡಿದ್ದೀನಿ ಕಣಪ್ಪಾ" ಅಂದರು. ಮೂರಡಿ ಓಣಿ ಇತ್ತು ಅನ್ನೋದಕ್ಕೆ ನನ್ನ ಹತ್ತಿರ ನೆನಪು ಬಿಟ್ಟರೆ ಏನಿತ್ತು?

ಲಾಯರ್ ಹತ್ತಿರ ಹೋಗುವಷ್ಟರಲ್ಲಿ ಮೇಲಿನ ಛಾವಣಿಯ ಮೋಲ್ಡೂ ಹಾಕಿ ಆಗಿತ್ತು. ಪಾಯದ ಹೊತ್ತಿಗೆ ಬಂದಿದ್ದರೆ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದಿತ್ತು, ಈಗ ಕಟ್ಟಿದ್ದನ್ನು ಒಡೆಸಿ ಅಂತ ಕೇಳಬೇಕು, ಕಟ್ಟುವಾಗ ನೋಡ್ಕೊಂಡು ಯಾಕೆ ಸುಮ್ಮನಿದ್ರಿ ಅಂತ ಮೊದಲ ಪ್ರಶ್ನೆ ಬರುತ್ತೆ ಅಂದರು. ಆದರೂ ಹಟಕ್ಕೆ ಕೇಸು ಹಾಕಿದೆ. ಎರಡೂವರೆ ವರ್ಷ ಅಲೆದು ರಾಜಿಯಾದೆ. ನಮ್ಮ ಕಡೆ ಚಾಚಿದ್ದ ಸಜ್ಜಾ ಕತ್ತರಿಸಿದರು, ಮಳೆನೀರಿನ ಪೈಪು ಅವರ ಕಡೆ ತಿರುಗಿಸಿದರು. 7 ಇಂಚು ಅಲ್ಲೇ ಇದೆ. ಹೋಳಿಗೆ ಡಬ್ಬಿ ಮಾತ್ರ ನಿಂತಿತು.

ಅದಕ್ಕೇ ನೋಟಿಸಾ, ಮೌನವಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎರಡೂ ಬೇಡ ಈಗ. ನೋಟಿಸ್ ಕೊಟ್ಟರೆ ಅವರು ಮರುದಿನವೇ ಕೋರ್ಟಿನಲ್ಲಿ ಕೇವಿಯಟ್, ಅಂದರೆ ತಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅನ್ನೋ ಅರ್ಜಿ, ಹಾಕಬಹುದು. ಅದು 90 ದಿನ ಜೀವಂತ, ಅವರ ಮಾತು ಕೇಳದೆ ನಿಮಗೆ ತಡೆಯಾಜ್ಞೆ ಸಿಗಲ್ಲ. ಸುಮ್ಮನಿದ್ದರೆ ಏನಾಗುತ್ತೆ ಅಂತ ಮೇಲೆ ಹೇಳಿದ್ದೀನಲ್ಲ.

ಬೆಳಕಿನ ವಿಷಯ ಬಿಟ್ಟುಬಿಡಿ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಗಾಳಿ ಬೆಳಕಿನ ಹಕ್ಕು ಬರೋಕೆ 20 ವರ್ಷ ಅಡ್ಡಿಯಿಲ್ಲದೆ ಅನುಭವಿಸಿರಬೇಕು. ನಿಮ್ಮದು 8. ನಿಮ್ಮ ಕೈಯಲ್ಲಿರೋ ಗಟ್ಟಿ ವಿಷಯ ಸೆಟ್‌ಬ್ಯಾಕು, ಅಂದರೆ ಸೈಟಿನ ಗಡಿಯಿಂದ ಕಟ್ಟಡಕ್ಕೆ ಬಿಡಬೇಕಾದ ಖಾಲಿ ಜಾಗ. ಕಾಂಪೌಂಡಿಗೇ ಅಂಟಿಸಿ ಕಟ್ಟೋಕೆ ಅವರ ಮಂಜೂರಾದ ಪ್ಲಾನಿನಲ್ಲಿ ಜಾಗ ಇದೆಯಾ ಅಂತ ಕೇಳಿ. ಸಂಜೆ ಹೋಗಿ ಕಾಫಿ ಕುಡೀತಾ "ಪ್ಲಾನ್ ಒಂದ್ಸಲ ತೋರಿಸಿ ಸಾರ್" ಅನ್ನಿ. ಆರ್‌ಟಿಐ ಹಾಕಬಹುದು, ಆದರೆ ಉತ್ತರಕ್ಕೆ 30 ದಿನ ಇದೆ, ಅಷ್ಟರಲ್ಲಿ ಪಾಯ ಎದ್ದಿರುತ್ತೆ. ಪ್ಲಾನ್ ತೋರಿಸದಿದ್ದರೆ ಪಾಲಿಕೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆ, ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಇನ್ನೊಂದು. "ನಮ್ಮದೇನೂ ಅಭ್ಯಂತರ ಇಲ್ಲ" ಅಂತ ಬರೆದುಕೊಡಿ ಅಂದರೆ ಕೊಡಬೇಡಿ. ನೀವು ಒಪ್ಪಿದ ಮಾತ್ರಕ್ಕೆ ಸೆಟ್‌ಬ್ಯಾಕ್ ಉಲ್ಲಂಘನೆ ಸಕ್ರಮ ಆಗಲ್ಲ, ನಿಮ್ಮ ಬಾಯಿ ಮಾತ್ರ ಕಟ್ಟುತ್ತೆ. "ದಂಡ ಕಟ್ಟಿದ್ರೆ ಅಕ್ರಮ-ಸಕ್ರಮದಲ್ಲಿ ಆಗುತ್ತೆ ಬಿಡಿ" ಅಂತಲೂ ಅಂದಾರು. ಸರ್ಕಾರದ ಆ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟು ತಡೆ ಕೊಟ್ಟಿದೆ.

ಈ ಭಾನುವಾರವೇ ಅವರನ್ನೂ ಕರೆದು ಟೇಪ್ ಹಿಡಿಯಿರಿ. ಆಚೆ ಪಕ್ಕದ ಸೈಟೂ ಸೇರಿಸಿ ಅಳೆಯಿರಿ, ನಮ್ಮ 4 ಇಂಚಿನ ಕಥೆ ನೆನಪಿರಲಿ. ಟೇಪ್ ಕಾಣುವಂತೆ ಫೋಟೋ, ಚೀಟಿ, ಇಬ್ಬರ ಸಹಿ. ಕಾಂಪೌಂಡು ಒಡೆಯೋದಾದರೆ ಆಮೇಲೆ. ಮೇಸ್ತ್ರಿ ಹಗ್ಗ ಎಳೆಯೋ ದಿನ ಯಾವುದು ಅಂತ ಮೊದಲೇ ಕೇಳಿಟ್ಟುಕೊಂಡು, ಅವತ್ತು ಆಫೀಸಿಗೆ ರಜೆ ಹಾಕಿ ಅಲ್ಲೇ ನಿಂತಿರಿ.