ಹೊಂಗೆ ಎಣ್ಣೆ, ಬಯೋಡೀಸೆಲ್ ಮತ್ತು ಅಲ್ಟ್ರಾಸೌಂಡ್

ಪ್ರಶ್ನೆ: ನಾವು ಮೂರ್ನಾಲ್ಕು ಜನ ಸೇರಿ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತೇವೆ. ದಿನಕ್ಕೆ ಒಂದು ಬ್ಯಾಚ್. ಒಂದು ಗಂಟೆಗೂ ಜಾಸ್ತಿ ಕಲಕಬೇಕು, ಆದರೂ ಕೆಲವು ಸಲ ಸೋಪಿನ ಹಾಗೆ ಆಗಿಬಿಡುತ್ತದೆ. ಅಲ್ಟ್ರಾಸೌಂಡ್ ಬಳಸಿದರೆ ಕೆಲವೇ ನಿಮಿಷದಲ್ಲಿ ಆಗುತ್ತದಂತೆ, ನಿಜವಾ? ಕನ್ನಡಕದ ಅಂಗಡಿಯಲ್ಲಿರುವ ಕ್ಲೀನರ್ ಸಾಕಾಗುತ್ತಾ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಬೇಗ ಆಗುವುದು ನಿಜ. ಆದರೆ ಸೋಪಿನ ಕಾಟ ಅದರಿಂದ ತಪ್ಪುವುದಿಲ್ಲ.

ಎಣ್ಣೆಗೆ ಮೆಥನಾಲ್ ಎಂಬ ಆಲ್ಕೊಹಾಲನ್ನೂ, ಕ್ರಿಯೆ ಚುರುಕಾಗಲು ಕಾಸ್ಟಿಕ್ ಸೋಡಾವನ್ನೂ ಹಾಕಿ ಬಯೋಡೀಸೆಲ್ ಮಾಡುವುದು ತಾನೇ? ಆದರೆ ಎಣ್ಣೆಗೂ ಮೆಥನಾಲ್‌ಗೂ ಆಗಿಬರುವುದಿಲ್ಲ. ಕಲಕುವುದನ್ನು ನಿಲ್ಲಿಸಿದರೆ ಹಗುರವಾದ ಮೆಥನಾಲ್ ಮೇಲೆ ಬಂದು ನಿಲ್ಲುತ್ತದೆ, ನೀವೇ ನೋಡಿರುತ್ತೀರಿ. ಎರಡೂ ತಾಗುವ ಜಾಗದಲ್ಲಷ್ಟೇ ಕ್ರಿಯೆ ಶುರುವಾಗುವುದು, ಅದಕ್ಕೇ ಅಷ್ಟು ಹೊತ್ತು ಕಲಕಬೇಕು. ಅಲ್ಟ್ರಾಸೌಂಡ್ ಅಂದರೆ ಕಿವಿಗೆ ಕೇಳದ ಸದ್ದು, ಸೆಕೆಂಡಿಗೆ 20,000 ಸಲಕ್ಕಿಂತ ಹೆಚ್ಚು ಕಂಪನ. ಅದು ದ್ರವದೊಳಗೆ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆಗಳು ಪಟ್ಟನೆ ಕುಸಿಯುವಾಗ ಸುತ್ತಲಿನ ಎಣ್ಣೆ, ಮೆಥನಾಲ್ ಎರಡೂ ಒಡೆದು ಹಾಲಿನ ಹಾಗೆ ಬೆರೆತುಹೋಗುತ್ತವೆ. ತಾಗುವ ಜಾಗ ಎಷ್ಟೋ ಪಟ್ಟು ಹೆಚ್ಚುವುದರಿಂದ ಗಂಟೆಯ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. 60 ಡಿಗ್ರಿಗೆ ಕಾಯಿಸದೆಯೂ ಆಗುವುದುಂಟು.

ಆದರೆ ಸೋಪು ಆಗುವುದು ಎಣ್ಣೆಯ ಹುಳಿಯಿಂದ, ಇಲ್ಲವೇ ನೀರಿನ ಪಸೆಯಿಂದ. ಹೊಂಗೆ ಬೀಜ ಸರಿಯಾಗಿ ಒಣಗದೆ ಮೂಟೆಯಲ್ಲಿ ಕೂತರೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಏರುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ಬಿದ್ದರೆ ಸೋಪಲ್ಲದೆ ಇನ್ನೇನಾಗುತ್ತದೆ? ಅದರ ಮೇಲೆ ಅಲ್ಟ್ರಾಸೌಂಡನ್ನೂ ಕೊಟ್ಟರೆ ಇನ್ನೂ ನುಣ್ಣಗೆ ಬೆರೆತು, ಬಯೋಡೀಸೆಲ್ ಜೊತೆಗೇ ಹುಟ್ಟುವ ಗ್ಲಿಸರಿನ್ ಕೆಳಗಿಳಿಯದೆ ಸತಾಯಿಸುತ್ತದೆ.

ಮೊದಲು ಹುಳಿ ಅಳೆಯಿರಿ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿಕೊಳ್ಳಿ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ 1 ಮಿ.ಲೀ. ಎಣ್ಣೆ, ಎರಡು ಹನಿ ಫಿನಾಲ್ಫ್ತಲೀನ್ (ಹುಳಿ ಮುಗಿದಾಗ ಗುಲಾಬಿಯಾಗುವ ಸೂಚಕ) ಹಾಕಿ, ಆ ಕಾಸ್ಟಿಕ್ ನೀರನ್ನು ಹನಿಹನಿಯಾಗಿ ಬಿಡುತ್ತಾ ಹೋಗಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಅಲ್ಲಿಗೆ ನಿಲ್ಲಿಸಿ. 3 ಮಿ.ಲೀ. ಹಿಡಿಯಿತು ಅಂದರೆ ಬಿಡಿ ಆಮ್ಲ ಸುಮಾರು 2 ಶೇಕಡಾ ದಾಟಿದೆ ಅಂತ ಲೆಕ್ಕ. ಅಂಥ ಎಣ್ಣೆಯನ್ನು ಮೊದಲು ಮೆಥನಾಲ್ ಮತ್ತು ಸ್ವಲ್ಪ ಗಂಧಕಾಮ್ಲದ ಜೊತೆ ಒಂದು ಸುತ್ತು ನಡೆಸಿ, ಹುಳಿ ಇಳಿಸಿ, ನೀರು ತೆಗೆದು, ಆಮೇಲೆ ಕಾಸ್ಟಿಕ್ ಹಾಕಬೇಕು. ಈ ಮೊದಲ ಸುತ್ತಿಗೂ ಅಲ್ಟ್ರಾಸೌಂಡ್ ಸಹಾಯಕ್ಕೆ ಬರುತ್ತದೆ, ಸುಳ್ಳಲ್ಲ.

ಕನ್ನಡಕದ ಅಂಗಡಿಯ ಕ್ಲೀನರ್ ಮಾತ್ರ ಬೇಡವೇ ಬೇಡ. ಅದರ ತಳದಲ್ಲೇ ವಿದ್ಯುತ್ ಸರ್ಕ್ಯೂಟ್ ಇರುತ್ತದೆ, ಕಿಡಿ ಹಾರದ ಹಾಗೆ ಅದನ್ನು ಕಟ್ಟಿರುವುದಿಲ್ಲ. ಮೆಥನಾಲ್ 65 ಡಿಗ್ರಿಗೆ ಮೊದಲೇ ಕುದಿಯುತ್ತದೆ, ಅದರ ಆವಿ ವಿಷ, ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಣ್ಣಿಗೂ ಬೀಳುವುದಿಲ್ಲ. ಪ್ರಯೋಗ ಮಾಡಲೇಬೇಕು ಅಂದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕೇಳಿ ನೋಡಿ. ದೊಡ್ಡ ಮಟ್ಟದಲ್ಲಿ ಎಣ್ಣೆಯನ್ನು ಪಂಪಿನಿಂದ ಹರಿಸುತ್ತಾ ಟೈಟಾನಿಯಂ ಪ್ರೋಬಿನ (ಅಲ್ಟ್ರಾಸೌಂಡ್ ಕಂಪನವನ್ನು ದ್ರವಕ್ಕೆ ಮುಟ್ಟಿಸುವ ಲೋಹದ ಸರಳು) ಮುಂದೆ ಹಾಯಿಸುತ್ತಾರೆ. ಅದೇ ಗುಳ್ಳೆಗಳು ಪ್ರೋಬಿನ ತುದಿಯನ್ನೂ ಸವೆಸುತ್ತವೆ, ಆಗಾಗ ಬದಲಿಸುವ ಖರ್ಚು ಬೇರೆ.

ಇನ್ನೊಂದು ವಿಷಯ. ದಿನಕ್ಕೆ ಒಂದೇ ಬ್ಯಾಚ್ ಅಂತೀರಿ. ಕಲಕುವುದು ಐದು ನಿಮಿಷಕ್ಕೆ ಇಳಿದರೂ ಗ್ಲಿಸರಿನ್ ತಳಕ್ಕೆ ಕೂರಲು, ತೊಳೆಯಲು, ಒಣಗಿಸಲು ಬೇಕಾದ ಹೊತ್ತು ಕಡಿಮೆಯಾಗುವುದಿಲ್ಲ ಅಲ್ವಾ? ಉಳಿದ ಆ ಒಂದು ಗಂಟೆಯಿಂದ ನಿಮಗೇನು ಸಿಗುತ್ತದೆ? ನನ್ನ ಕೇಳಿದರೆ ಸದ್ಯ ಆ ದುಡ್ಡನ್ನು ಬೀಜ ಒಣಗಿಸುವ ಕಣಕ್ಕೆ ಹಾಕಿ. ದಿನಕ್ಕೆ ನಾಲ್ಕೈದು ಬ್ಯಾಚ್ ಮಾಡುವ ಹಾಗಾದರೆ ಮತ್ತೆ ಬರೆಯಿರಿ, ಆಗ ಪ್ರೋಬಿನ ಲೆಕ್ಕ ಹಾಕೋಣ.